ಅಡಕತ್ತರಿಯ ಅಲಗು

ಊರೂರು ಅಲೆದು ಹಳೆಯ ಕಠಾರಿ, ಕಹಳೆಗಳನ್ನು ಕೂಡಿಡುವವರಿದ್ದಾರೆ. ನನ್ನ ಮೋಹ ಅಡಕತ್ತರಿಯದು. ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಹುಟ್ಟಿದವನಿಗೆ ಇದು ಸಹಜ. ಅದು ಗಟ್ಟಿಯಾದದ್ದು ಮಾತ್ರ ಗುಜರಾತಿನಲ್ಲಿ. ಅಂಗಳದ ಬಿಸಿಲಲ್ಲಿ ಒಂದೂವರೆ ತಿಂಗಳು ಒಣಗಿದ ನಮ್ಮ ಚಾಲಿ ಅಡಿಕೆಗೆ ಅಲ್ಲಿ ಎಂದಿನಿಂದಲೂ ಗಿರಾಕಿಗಳಿದ್ದಾರೆ. ಅದನ್ನು ಕತ್ತರಿಸುವ ಸಾಧನಕ್ಕೆ ಅಲ್ಲಿಯವರು ಸೂಡಿ ಎನ್ನುತ್ತಾರೆ. ನಮ್ಮ ಮನೆಯದು ಬರೀ ಕಬ್ಬಿಣ. ಅಲ್ಲಿಯ ಕುಶಲಕರ್ಮಿಗಳು ಅದೇ ಕತ್ತರಿಗೆ ಗಿಳಿ, ಕುದುರೆಗಳ ರೂಪ ಕೊಟ್ಟರು, ಹಿಡಿಗೆ ಹಿತ್ತಾಳೆ ತೊಡಿಸಿದರು.

ಅಹಮದಾಬಾದಿನ ವಿಶಾಲಾದಲ್ಲಿ ಇಂಥವನ್ನು ನೋಡಬೇಕು. ಸುರೇಂದ್ರ ಪಟೇಲರು 1978ರಲ್ಲಿ ಅಲ್ಲಿ ಹಳ್ಳಿಯ ಸೊಗಡಿನ ಊಟದ ಮನೆ ತೆರೆದರು. ಮನೆಮನೆಗೆ ಸ್ಟೀಲು ಬಂದು, ತಲೆಮಾರುಗಳ ತಾಮ್ರ, ಹಿತ್ತಾಳೆ ತೂಕಕ್ಕೆ ಮಾರಾಟವಾಗಿ ಕುಲುಮೆ ಸೇರುತ್ತಿದ್ದ ಕಾಲ ಅದು. ಪಟೇಲರು ಅವನ್ನು ಕೊಂಡು ಉಳಿಸಿದರು. 1981ರಲ್ಲಿ ಅಲ್ಲೇ ವೇಚಾರ್ ಪಾತ್ರೆ ಸಂಗ್ರಹಾಲಯ ತೆರೆಯಿತು; ಇಂದು ನಾಲ್ಕು ಸಾವಿರಕ್ಕೂ ಮಿಕ್ಕಿ ವಸ್ತುಗಳಿವೆ. ಕರಗಿ ಗಟ್ಟಿಯಾಗಬೇಕಿದ್ದ ಹಂಡೆ, ಕೊಡ, ಲೋಟಗಳು ಹಾಗೇ ಕೂತಿರುವುದನ್ನು ಕಂಡು ನನಗೆ ಕಣ್ಣು ತುಂಬಿತ್ತು.

ವಡೋದರದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಗಾಯಕವಾಡರ ಆಯುಧಗಳಿವೆ. ಕತ್ತಿ ಚೆಂದವೇ, ಆದರೆ ಅರಮನೆಯ ಕತ್ತಿಗೆ ಒಡೆಯರ ಹೆಸರಾದರೂ ಇದೆ. ಸೂಡಿಗೆ ಅದೂ ಇಲ್ಲ, ಇರುವುದು ಸವೆತ ಮಾತ್ರ. ಹತ್ತಿರದಿಂದ ನೋಡಿ: ಮೇಲಿನ ಅಲಗು ನಡುವೆ ಸವೆದು ಬಿದಿಗೆಯ ಚಂದ್ರನಂತೆ ಬಾಗಿರುತ್ತದೆ, ಅಡಿಕೆ ಕೂರುವ ಕೆಳಗಿನ ದವಡೆಯಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ, ಹೆಬ್ಬೆರಳು ಒತ್ತುವಲ್ಲಿ ಹಿತ್ತಾಳೆಯ ಗೀರುಚಿತ್ತಾರ ಅಳಿಸಿಹೋಗಿರುತ್ತದೆ. ಎಷ್ಟೋ ಮದುವೆ, ಸೀಮಂತ, ಸಂಧಾನಗಳ ತಾಂಬೂಲಕ್ಕೆ ದುಡಿದ ಗುರುತು ಅದು. ಸಾಬರಮತಿ ದಂಡೆಯ ರವಿವಾರಿ ಸಂತೆಯಲ್ಲಿ ವ್ಯಾಪಾರಿಗಳು ಅದನ್ನು ಉಜ್ಜಿ, ಅಲಗಿಗೆ ಅರ ಹಾಕಿ, ಹೊಸದರಂತೆ ಮಾಡಿ ಇಟ್ಟಿದ್ದರೆ ನನ್ನ ಹೊಟ್ಟೆ ಉರಿಯುತ್ತದೆ. ಆ ಮನೆಯ ಚರಿತ್ರೆಯನ್ನೇ ಉಜ್ಜಿ ತೆಗೆದ ಹಾಗೆ.

ನೂರು ವರ್ಷ ದಾಟಿದ ಇಂಥ ಕೈಕೆಲಸವನ್ನು 1972ರ ಕಾಯ್ದೆ ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ, ದೇಶದಾಚೆ ಸಾಗಿಸುವಂತಿಲ್ಲ. ಮನೆಯ ಹೆಸರು ಕಳೆದುಹೋಗದಂತೆ ಕಾಯುವ ಕಾಯ್ದೆ ಮಾತ್ರ ಯಾವುದೂ ಇಲ್ಲ. ಅದಕ್ಕೇ ಕೊಳ್ಳುವಾಗ ಯಾವ ಊರು, ಯಾರ ಮನೆ ಎಂದು ಕೇಳಿ, ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟುತ್ತೇನೆ. 'ಸೂರತ್, ಅತ್ತೆ ಸೊಸೆಗೆ ಕೊಟ್ಟದ್ದು' ಎಂದು ಒಂದರ ಚೀಟಿಯಲ್ಲಿದೆ. ಅದರ ತಿರುಗಣಿ ತುಸು ಸಡಿಲ, ಅಲಗು ಇನ್ನೂ ಹರಿತ. ಊರಿನಿಂದ ಬಂದ ಚಾಲಿ ಅಡಿಕೆಯನ್ನು ಈಗಲೂ ಅದರಲ್ಲೇ ಕತ್ತರಿಸುತ್ತೇನೆ.