ಬಂದವರೇ ಕಟ್ಟಿದ ಊರು

ಶೆಂಜೆನ್ ಅಂದ್ರೆ ನಮ್ಮಂಥ ಎಂಜಿನಿಯರ್‌ಗಳಿಗೆ ಸರ್ಕ್ಯೂಟ್ ಬೋರ್ಡು, ಫೋನು, ಡ್ರೋನು. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಎದ್ದು ನಿಂತ ಊರು, ಅಲ್ಲಿ ಹಳೇದು ಅನ್ನೋದು ಏನಿದೆ ಅಂತ ಎಲ್ಲರೂ ಕೇಳ್ತಾರೆ. ಕಳೆದ ಜನವರಿಯಲ್ಲಿ ಕೆಲಸದ ಮೇಲೆ ಎರಡು ವಾರ ಅಲ್ಲಿದ್ದೆ. ಸಿಕ್ಕ ಎರಡು ಭಾನುವಾರಗಳಲ್ಲಿ ಒಂದು ಹಳೇ ಮನೆ ನೋಡಿದೆ, ಒಂದು ಕಾಂಡ್ಲಾ ಕಾಡು ನೋಡಿದೆ.

ಮನೆ ಇರೋದು ಲಾಂಗ್‌ಗಾಂಗ್ ಕಡೆ. ಹೆಸರು ಹೆಹು ಶಿನ್‌ಜು. ‘ಶಿನ್‌ಜು’ ಅಂದ್ರೆ ಹೊಸಮನೆ, ಆದರೆ ಕಟ್ಟಿ ಮುಗಿಸಿದ್ದು 1817ರಲ್ಲಿ! ಲುವೊ ಮನೆತನದ್ದು. ಸುಮಾರು 25 ಸಾವಿರ ಚದರ ಮೀಟರ್ ಜಾಗ, ಎತ್ತರದ ಗೋಡೆ, ಮೂಲೆಗಳಲ್ಲಿ ಕಾವಲು ಗೋಪುರ, ಎದುರಿಗೆ ಅರ್ಧಚಂದ್ರಾಕಾರದ ಕೊಳ, ನಟ್ಟನಡುವೆ ಪೂರ್ವಜರ ಪೂಜೆಯ ಮನೆ. ಸುತ್ತ ನೂರಾರು ಕೋಣೆ. ಈಗ ಹಕ್ಕಾ ಜನಪದ ವಸ್ತುಸಂಗ್ರಹಾಲಯ.

ಹಕ್ಕಾ ಅಂದ್ರೆ ‘ನೆಂಟರ ಮನೆತನ’ ಅಂತ ಅರ್ಥ. 17ನೇ ಶತಮಾನದಲ್ಲಿ ಚಿಂಗ್ ದೊರೆಗಳು ಸಮುದ್ರದ ಕಡೆಯ ಶತ್ರುಗಳಿಗೆ ನೆರವು ಸಿಗಬಾರದು ಅಂತ ಕರಾವಳಿಯವರನ್ನ ಒಳನಾಡಿಗೆ ಎಬ್ಬಿಸಿ ಕಳಿಸಿದ್ರು. ಆಮೇಲೆ ಖಾಲಿ ನೆಲಕ್ಕೆ ಬಂದು ನೆಲೆಸಿದವರಲ್ಲಿ ಹಕ್ಕಾ ಜನ ಬಹಳ. ಅಂದ್ರೆ ಈ ಊರಿನ ‘ಹಳಬರು’ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದವರೇ.

ಇನ್ನೊಂದು ಭಾನುವಾರ ಫುತಿಯಾನ್ ಕಾಂಡ್ಲಾ ಕಾಡಿಗೆ. 1984ರಿಂದ ಇದು ಸಂರಕ್ಷಿತ, ಸುಮಾರು 370 ಹೆಕ್ಟೇರ್. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ಕೆಸರು, ಕೊಲ್ಲಿಯ ಆಚೆ ಹಾಂಗ್‌ಕಾಂಗ್. 1990ರ ದಶಕದಲ್ಲಿ ಬಿನ್‌ಹೈ ಹೆದ್ದಾರಿ ಮಾಡುವಾಗ ಈ ಕಾಡಿಗಾಗಿ ರಸ್ತೆಯನ್ನೇ ಸುಮಾರು 200 ಮೀಟರ್ ಉತ್ತರಕ್ಕೆ ಸರಿಸಿದ್ರು. ಚಳಿಗಾಲಕ್ಕೆ ಇಲ್ಲಿಗೆ ಕಪ್ಪು ಮುಖದ, ಚಮಚದಂಥ ಕೊಕ್ಕಿನ ಹಕ್ಕಿ ಬರುತ್ತೆ, ನಮ್ಮ ರಂಗನತಿಟ್ಟಿನ ಚಮಚಕೊಕ್ಕಿನ ನೆಂಟ. ಇವು ಹೆಚ್ಚಾಗಿ ಮರಿ ಮಾಡೋದು ಕೊರಿಯಾ ಕಡೆಯ ದ್ವೀಪಗಳಲ್ಲಿ. 1990ರ ಸುಮಾರಿಗೆ ಇಡೀ ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 300ರಷ್ಟು. ಈಗ 6 ಸಾವಿರ ದಾಟಿವೆ.

ಅವತ್ತು ಜೊತೆಗಿದ್ದ ಸಹೋದ್ಯೋಗಿ ಹುನಾನ್ ಪ್ರಾಂತ್ಯದವಳು, ಇಲ್ಲಿಗೆ ಬಂದು ಹನ್ನೊಂದು ವರ್ಷ. “ಬಂದರೆ ನೀವು ಶೆಂಜೆನ್‌ನವರೇ” ಅನ್ನೋದು ಇಲ್ಲಿನ ಪ್ರಸಿದ್ಧ ಘೋಷಣೆ. 2020ರ ಜನಗಣತಿಯಲ್ಲಿ ಸುಮಾರು 1.75 ಕೋಟಿ ಜನ; ಅರ್ಧಕ್ಕಿಂತ ಹೆಚ್ಚಿನವರಿಗೆ ಇಲ್ಲಿನ ಹುಕೊ, ಅಂದ್ರೆ ಕಾಯಂ ನಿವಾಸದ ನೋಂದಣಿ ಇಲ್ಲ. ಅವಳಿಗೂ ಇಲ್ಲ. ಮಗಳು ಊರಲ್ಲಿ ಅಜ್ಜಿ ಹತ್ರ ಓದ್ತಾಳೆ. “ಹಕ್ಕಿಗಳೇ ವಾಸಿ, ಮರಿಗಳನ್ನೂ ಕರ್ಕೊಂಡು ಬರ್ತಾವೆ” ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಬೆಂಗಳೂರಲ್ಲಿ “ಯಾವೂರು ನಿಮ್ದು?” ಅಂತ ಕೇಳಿಸಿಕೊಳ್ಳೋ ಎಷ್ಟೋ ಮುಖಗಳು ನೆನಪಾದವು.

ಹೋಗೋದಾದ್ರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಕಾಡಿನೊಳಗೆ ಹೋಗೋಕೆ ಮೊದಲೇ ಬುಕ್ ಮಾಡ್ಬೇಕು. ಆಗದಿದ್ರೆ ಶೆಂಜೆನ್ ಬೇ ಪಾರ್ಕ್ ದಂಡೆಯಿಂದಲೂ ಹಕ್ಕಿ ಕಾಣ್ತಾವೆ. ಆ ಮನೆಗೂ ಒಂದು ಗಂಟೆ ಇಟ್ಕೊಳ್ಳಿ. ನೆಂಟರು ಅಂತ ಹೆಸರು ಹೊತ್ತವರು ತಲೆಮಾರುಗಟ್ಟಲೆ ಬಾಳೋಕೆ ಅಂತಾನೇ ಕಟ್ಟಿದ ಗೋಡೆ ಎಷ್ಟು ದಪ್ಪ ಅಂತ ಮುಟ್ಟಿ ನೋಡಿ.