ಹುಬ್ಬಳ್ಳಿಯಷ್ಟು ದೂರ

ಧಾರವಾಡದಿಂದ ಹುಬ್ಬಳ್ಳಿ ಸುಮಾರು ೨೦ ಕಿಲೋಮೀಟರು ದೂರವೆಂಬದನ್ನು ಈ ಭಾಗದ ಬಾಲಕರೂ ಬಲ್ಲರು. ಕಚೇರಿಗೆ ಹೋಗುವವರು, ಅರಿವೆ ಕೊಳ್ಳಹೋಗುವವರು, ಬೀಗರನ್ನು ಕಾಣಹೋಗುವವರು ದಿನಂಪ್ರತಿ ಈ ದಾರಿಯನ್ನು ಸವೆಸುತ್ತಿದ್ದರೂ ಅದು ದೂರವೆಂದು ಯಾರಿಗೂ ತೋರುವದಿಲ್ಲ. ಏಕೆಂದರೆ ಸವೆಸುವದು ಗಾಲಿಯೇ ಹೊರತು ಕಾಲಲ್ಲ. ಅರ್ಧ ಮ್ಯಾರಥಾನ್ ಎಂಬ ಓಟದ ಅಳತೆಯು ೨೧ ಕಿಲೋಮೀಟರು, ೯೭ ಮೀಟರು, ಅದರ ಮೇಲೆ ಇನ್ನೂ ಅರ್ಧ ಮೀಟರು. ಎಂದರೆ ಧಾರವಾಡದಲ್ಲಿ ಕಾಲು ಕಿತ್ತವನು ಹುಬ್ಬಳ್ಳಿಯನ್ನು ಮುಟ್ಟಿ, ಅಲ್ಲಿಯೂ ನಿಲ್ಲದೆ ಒಂದೆರಡು ಓಣಿಗಳನ್ನು ದಾಟಬೇಕಾದಷ್ಟು. ೨೦೨೨ನೆಯ ಇಸವಿಯ ಆರಂಭದಲ್ಲಿ ಸಾಧನಕೇರಿಯ ಬದಿಗೆ ವಾಸವಾಗಿದ್ದ ದಂಪತಿಗಳು ಈ ಓಟಕ್ಕೆ ಮನಸ್ಸು ಮಾಡಿದಾಗ ಗೃಹಸ್ಥರ ವಯಸ್ಸು ೫೩, ಗೃಹಿಣಿಯ ವಯಸ್ಸು ೪೮. ಇಬ್ಬರೂ ಶಾಲೆ ಬಿಟ್ಟಂದಿನಿಂದ ಬಸ್ಸು ಹಿಡಿಯುವದಕ್ಕಲ್ಲದೆ ಬೇರೊಂದು ಕಾರಣಕ್ಕೆ ಓಡಿದವರಲ್ಲ.

ಗೃಹಸ್ಥರು ಹೊರಗೆ ಹೇಳುತ್ತಿದ್ದ ಕಾರಣ ಸಾಧಾರಣವಾದದ್ದು. ರಕ್ತದಲ್ಲಿ ಸಕ್ಕರೆಯ ಅಂಶ ಮೇರೆಯ ಹತ್ತಿರ ಬಂದಿದೆ, ನಡೆದಾಡಿರಿ ಎಂದು ವೈದ್ಯರು ಹೇಳಿದ್ದರು. ಬ್ಯಾಂಕಿನಲ್ಲಿ ಅಂಕಿಗಳೊಡನೆಯೇ ಆಯುಷ್ಯ ಕಳೆದ ಆ ಮನುಷ್ಯನಿಗೆ ಗುರಿಯಿಲ್ಲದ ನಡಿಗೆ ರುಚಿಸಲಿಲ್ಲ. ಹೊರಗೆ ಹೇಳದ ಕಾರಣ ಬೇರೆ ಇತ್ತು. ಅವರ ತಂದೆಯವರು ೫೪ನೆಯ ವರ್ಷದಲ್ಲಿ, ರಾತ್ರಿ ಊಟ ಮುಗಿಸಿ ಕೈ ತೊಳೆಯಲೆಂದು ಎದ್ದವರು, ಹಿತ್ತಿಲ ಬಾಗಿಲಲ್ಲಿಯೇ ಕುಸಿದು ತೀರಿಕೊಂಡಿದ್ದರು. ಆ ವರ್ಷವು ಈಗ ಮಗನ ಎದುರಿಗೆ ಬರುತ್ತಲಿತ್ತು. ಮನೆಯಲ್ಲಿ ಯಾರೂ ಈ ಮಾತನ್ನು ಆಡುತ್ತಿರಲಿಲ್ಲ. ಆಡದಿದ್ದರೂ ಮೂವರಿಗೂ ತಿಳಿದಿತ್ತು. ಮೂರನೆಯವರೆಂದರೆ ಗೃಹಸ್ಥರ ವೃದ್ಧ ತಾಯಿ.

ಗೃಹಿಣಿಯು ಓಟಕ್ಕೆ ಹೊರಟದ್ದು ಓಟದ ಮೇಲಿನ ಪ್ರೀತಿಯಿಂದಲ್ಲ. ನಸುಕಿನ ಕತ್ತಲೆಯಲ್ಲಿ ಪತಿಯನ್ನು ಒಬ್ಬನನ್ನೇ ಕಳಿಸುವದು ಆಕೆಗೆ ಸಮ್ಮತವಿರಲಿಲ್ಲ. ವೈದ್ಯರು ಓಡುವ ಪಟ್ಟಿಯ ಮೇಲೆ ಅವರನ್ನು ಓಡಿಸಿ, ಎದೆಗೆ ತಂತಿ ಅಂಟಿಸಿ ಪರೀಕ್ಷಿಸಿ, ಭಯಕ್ಕೆ ಕಾರಣವಿಲ್ಲವೆಂದು ಬರೆದುಕೊಟ್ಟಿದ್ದರು. ಆದರೂ ಆಕೆ ಹೃದಯದ ನೋವಿಗೆ ಕೂಡಲೇ ಅಗಿಯತಕ್ಕ ಒಂದು ಗುಳಿಗೆಯನ್ನು ವೈದ್ಯರಿಂದ ಕೇಳಿ ತಂದು, ಕಾಗದದಲ್ಲಿ ಸುತ್ತಿ, ಸೊಂಟದ ಚಿಕ್ಕ ಚೀಲದಲ್ಲಿ ಇಟ್ಟುಕೊಂಡಳು. ಪತಿಗೆ ಈ ಸಂಗತಿ ತಿಳಿಯದು. ಪಹರೆಯವನಿಗೆ ಸಂಬಳವಿಲ್ಲದಿದ್ದರೂ ಪಹರೆ ಪಹರೆಯೇ.

ಮೊದಲ ದಿನಗಳ ಓಟವನ್ನು ಓಟವೆನ್ನುವದು ಔದಾರ್ಯದ ಮಾತು. ಒಂದು ದೀಪದ ಕಂಬದಿಂದ ಮುಂದಿನ ಕಂಬದವರೆಗೆ ಓಡುವದು, ಅಲ್ಲಿಂದ ಎರಡು ಕಂಬ ನಡೆಯುವದು. ಮಾತನಾಡುತ್ತ ಓಡಲು ಸಾಧ್ಯವಾಗುವಷ್ಟೇ ವೇಗವಿರಲಿ, ಮಾತು ನಿಂತರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ, ಎಂಬದು ಬಲ್ಲವರು ಹೇಳುವ ಸೂತ್ರ. ೨೬ ವರ್ಷ ಸಂಸಾರ ಮಾಡಿದವರಿಗೆ ಓಡುವದಕ್ಕಿಂತ ಬಿಡದೆ ಮಾತನಾಡುವದೇ ಕಠಿಣವಾಯಿತು. ಬೆಂಗಳೂರಿನಲ್ಲಿದ್ದ ಮಗಳ ವಿಷಯ ಮೊದಲ ಕಿಲೋಮೀಟರಿಗೇ ಮುಗಿಯುತ್ತಿತ್ತು. ಮುಂದೆ ಕೆಲಗೇರಿಯ ಕೆರೆಯ ದಂಡೆಯವರೆಗೆ ಹೊಸ ಮಾತನ್ನು ಹುಡುಕಬೇಕು! ಹಾಲಿನವನು ಗಾಡಿ ನಿಲ್ಲಿಸಿ ನೋಡಿದನು. ನಾಯಿಗಳು ಪತಿಯನ್ನು ಬಿಟ್ಟು ಪತ್ನಿಯ ಹಿಂದೆಯೇ ಬಂದವು. ಪರಿಚಯದ ಹಿರಿಯರೊಬ್ಬರು, ಮನೆಯಲ್ಲಿ ಏನಾದರೂ ಅನಾಹುತವಾಯಿತೇ ಎಂದು ವಿಚಾರಿಸಿದರು. ಅವರನ್ನು ದೂಷಿಸಬೇಕಾಗಿಲ್ಲ. ೧೯೨೮ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ೮೦೦ ಮೀಟರು ಓಡಿ ದಣಿದರೆಂಬ ನೆವದಿಂದ ಆ ಓಟವನ್ನೇ ೧೯೬೦ರವರೆಗೆ ತೆಗೆದುಹಾಕಿದ್ದರು. ೧೯೬೭ರಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬಾಕೆ ಅಮೆರಿಕೆಯ ಬೋಸ್ಟನ್ನಿನಲ್ಲಿ ಎದೆಗೆ ಅಂಕಿ ಕಟ್ಟಿಕೊಂಡು ಮ್ಯಾರಥಾನ್ ಓಡತೊಡಗಿದಾಗ ಅಧಿಕಾರಿಯೊಬ್ಬನು ಬೆನ್ನಟ್ಟಿ ಆ ಅಂಕಿಯನ್ನು ಕಿತ್ತುಕೊಳ್ಳಲು ನೋಡಿದನು. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ದೊರೆತದ್ದು ೧೯೮೪ರಲ್ಲಿ. ಸುಧಾರಿಸಿದ ದೇಶಗಳ ಮಾತೇ ಹೀಗಿರಲು ಕೆಲಗೇರಿಯ ನಾಯಿಗಳು ಬೊಗಳಿದ್ದು ಯಾವ ದೊಡ್ಡ ಅಪರಾಧ?

ಮುಂಗಾರು ಹಿಡಿಯಿತು. ಧಾರವಾಡದ ಜಿಟಿಜಿಟಿ ಮಳೆ ಓಡುವವರನ್ನು ತೋಯಿಸುವದಕ್ಕಿಂತ ಅವರ ಬೂಟುಗಳನ್ನು ಹೆಚ್ಚು ಹಾಳುಮಾಡುತ್ತದೆ. ಕೆಂಪು ರಾಡಿ ಹತ್ತಿದ ಎರಡು ಜೋಡು ಬೂಟುಗಳ ಹೊಟ್ಟೆಯಲ್ಲಿ ಹಳೆಯ ವರ್ತಮಾನಪತ್ರಗಳನ್ನು ತುರುಕಿ ಒಲೆಯ ಬದಿಗಿಡುವದು ಮನೆಯ ನಿತ್ಯವಿಧಿಯಾಯಿತು. ಜುಲೈ ತಿಂಗಳಲ್ಲಿ ಗೃಹಸ್ಥರಿಗೆ ಉತ್ಸಾಹ ಏರಿ, ೮ ಕಿಲೋಮೀಟರಿನಿಂದ ಒಂದೇ ವಾರದಲ್ಲಿ ೧೩ಕ್ಕೆ ಜಿಗಿದರು. ಹೃದಯ ಶ್ವಾಸಕೋಶಗಳು ಕೆಲವು ವಾರಗಳಲ್ಲಿಯೇ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಾಲುತ್ತದೆಂದು ಕಾಲನ್ನು ಕೇಳದೆ ಓಡಿದವನಿಗೆ ಕಾಲೇ ಉತ್ತರ ಹೇಳುತ್ತದೆ. ಎಡ ಮೊಳಕಾಲಿನ ಕೆಳಗೆ, ಮುಂದಿನ ಎಲುಬಿನ ಗುಂಟ ನೋವು ಕಾಣಿಸಿಕೊಂಡಿತು. ಮೂರು ವಾರ ವಿಶ್ರಾಂತಿ ಎಂದು ವೈದ್ಯರ ಅಪ್ಪಣೆಯಾಯಿತು.

ಈ ಮೂರು ವಾರಗಳೇ ಆ ವರ್ಷದ ಮುಖ್ಯ ಘಟನೆಯೆನ್ನಬೇಕು. ಕಾಯಬೇಕಾದವನು ಮನೆಯಲ್ಲಿ ಮಂಚದ ಮೇಲೆ ಕಾಲು ಚಾಚಿರಲು ಕಾಯುವವಳಿಗೆ ಹೊರಗೇನು ಕೆಲಸ? ಮೊದಲ ದಿನ ಗೃಹಿಣಿ ಏಳಲಿಲ್ಲ. ಎರಡನೆಯ ದಿನ ಎದ್ದು, ಬೂಟು ಕಟ್ಟಿ, ಅಂಗಳದ ಬಾಗಿಲವರೆಗೆ ಹೋಗಿ, ಮಳೆಯನ್ನು ನೋಡಿ ಹಿಂತಿರುಗಿದಳು. ಮೂರನೆಯ ದಿನ ಬಾಗಿಲ ಅಗಳಿ ತೆಗೆಯುವಾಗ ಅತ್ತೆಯವರು ಹಾಸಿಗೆಯಿಂದಲೇ ಕೇಳಿದರು: "ಅಂವಾ ಒಳಗ ಮಲಗ್ಯಾನ. ನೀ ಯಾರನ್ನ ಕಾಯಾಕ ಹೊಂಟಿ?"

ಆ ಮಾತಿನಲ್ಲಿ ಆಕ್ಷೇಪಣೆ ಇದ್ದಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಕುತೂಹಲವಿತ್ತು. ಸೊಸೆಗೆ ಉತ್ತರ ಹೊಳೆಯಲಿಲ್ಲ. "ಬರ್ತೀನಿ" ಎಂದಷ್ಟೇ ಹೇಳಿ ಹೋದಳು. ಅಂದು ಆಕೆ ಕರ್ನಾಟಕ ವಿಶ್ವವಿದ್ಯಾಲಯದ ಏರನ್ನು ನಿಲ್ಲದೆ ಹತ್ತಿದಳು. ಅದುವರೆಗೆ ಆ ಏರಿನ ಅರ್ಧದಲ್ಲಿ ಪತಿ ನಿಲ್ಲುತ್ತಿದ್ದುದರಿಂದ ಆಕೆಯೂ ನಿಲ್ಲುತ್ತಿದ್ದಳು. ತನಗೆ ದಣಿವಾಗಿದೆಯೇ ಇಲ್ಲವೇ ಎಂಬದನ್ನು ಕೇಳಿಕೊಂಡಿರಲೇ ಇಲ್ಲ. ಸಪ್ತಪದಿಯನ್ನು ಕೂಡಿ ತುಳಿದ ಬಳಿಕ ನಮ್ಮ ಹೆಣ್ಣುಮಕ್ಕಳ ಹೆಜ್ಜೆಯ ಅಳತೆಯನ್ನು ಯಾರು ನೋಡಿದ್ದಾರೆ?

ಪತಿ ಚೇತರಿಸಿಕೊಂಡು ಮರಳಿದಾಗ ಈ ಅಂತರ ಇಬ್ಬರಿಗೂ ಕಂಡಿತು. ಆಕೆ ಹೆಜ್ಜೆ ತಗ್ಗಿಸಿದಳು. ಅವರು ಕಂಡೂ ಕಾಣದಂತಿದ್ದರು. ಸಪ್ಟೆಂಬರದ ಒಂದು ರವಿವಾರ ಇಬ್ಬರೂ ನವಲೂರನ್ನು ದಾಟಿ ಉಣಕಲ್ಲ ಕೆರೆಯವರೆಗೆ ಓಡಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಹಿಂತಿರುಗಿದರು. ಅವರ ಬೆವರಿನ ಪ್ರಭಾವದಿಂದ ಅಕ್ಕಪಕ್ಕದ ಆಸನಗಳು ತಾನಾಗಿಯೇ ಬರಿದಾದವು. ದೀರ್ಘ ಓಟದಲ್ಲಿ ತಿನ್ನಲೆಂದು ತರಿಸಿದ ಸಿಹಿ ಅಂಟು ಗಂಟಲಿಗಿಳಿಯದಿರಲು ಖಜೂರಿ, ಬೆಲ್ಲ, ಉಪ್ಪು ಹಾಕಿದ ಲಿಂಬೆಯ ನೀರು ಇವುಗಳಿಗೇ ಮರಳಿದರು. ನೀರೂ ಮಿತದಲ್ಲಿರಬೇಕು, ಮಿತಿಮೀರಿ ಕುಡಿದರೆ ರಕ್ತದಲ್ಲಿಯ ಉಪ್ಪಿನ ಅಂಶ ತೆಳುವಾಗಿ ಪ್ರಾಣಕ್ಕೇ ಎರವಾಗುವದುಂಟು. ಓಟದ ಪ್ರವೇಶಕ್ಕೆ ಹಣ ಕಟ್ಟಿದ ಸುದ್ದಿ ತಿಳಿದು ಅತ್ತೆಯವರು, "ಓಡಾವ್ರೂ ನೀವು, ರೊಕ್ಕಾ ಕೊಡಾವ್ರೂ ನೀವಽ ಏನು?" ಎಂದರು. ಇದಕ್ಕೆ ಉತ್ತರ ಈವರೆಗೂ ಸಿಕ್ಕಿಲ್ಲ.

ಅಕ್ಟೋಬರದಲ್ಲಿ ಬೆಂಗಳೂರಿನ ಓಟ. ನಸುಕಿನ ದೀಪಗಳ ಕೆಳಗೆ ಸಾವಿರಾರು ಜನ. ಎಲ್ಲರ ಎದೆಗೂ ಅಂಕಿಗಳು. ಕಬ್ಬನ್ ಉದ್ಯಾನದ ಮರಗಳ ತಂಪಿನಲ್ಲಿ, ವಿಧಾನಸೌಧದ ಎದುರಿನ ಅಗಲವಾದ ಬೀದಿಯಲ್ಲಿ ದಂಪತಿಗಳು ಜೊತೆಗೂಡಿಯೇ ಓಡಿದರು. ೧೬ನೆಯ ಕಿಲೋಮೀಟರಿನ ಫಲಕದ ಹತ್ತಿರ ಗೃಹಸ್ಥರ ಎಡಗಾಲು ಹಳೆಯ ಲೆಕ್ಕವನ್ನು ಮತ್ತೆ ತೆಗೆಯಿತು. ಅವರು ನಡೆಯತೊಡಗಿದರು. ಆಕೆಯೂ ನಡೆದಳು.

"ನೀ ಹೋಗು" ಎಂದರು.

"ಎದಿ?"

"ಎದೀಗೆ ಏನಾಗಿಲ್ಲ. ಕಾಲು. ನೀ ಹೋಗು, ನನ್ನ ಸಲುವಾಗಿ ಜುಲೈದಿಂದ ಸಾವಕಾಶ ಓಡಾಕತ್ತೀ, ನನಗ ಗೊತ್ತದ."

ಆಕೆ ಅವರ ಮುಖವನ್ನು ನೋಡಿದಳು. ಮಾತು ತಡೆಯಿಲ್ಲದೆ ಬರುತ್ತಿತ್ತು, ಉಸಿರು ನೆಟ್ಟಗಿತ್ತು. ಸೊಂಟದ ಚೀಲದಿಂದ ಕಾಗದದ ಸುರುಳಿಯನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಬಿಡಿಸಿ ನೋಡಿದರು. ಗುಳಿಗೆ ಯಾವದೆಂದು ಕೇಳಲಿಲ್ಲ. ಕಾಗದವು ಬೆವರಿಗೂ ಮಳೆಗೂ ತೊಯ್ದು ಒಣಗಿ ಅರಿವೆಯಂತೆ ಮೆತ್ತಗಾಗಿದ್ದುದನ್ನು ಕಂಡರು. ಮುಚ್ಚಿ ಕಿಸೆಯಲ್ಲಿ ಇಟ್ಟುಕೊಂಡು ಕೈಯಿಂದ ಮುಂದಿನ ದಾರಿಯನ್ನು ತೋರಿಸಿದರು. ಆಕೆ ಎರಡು ಸಲ ಹಿಂತಿರುಗಿ ನೋಡಿದಳು, ಮೂರನೆಯ ಸಲ ನೋಡಲಿಲ್ಲ.

ಕೊನೆಯ ಐದು ಕಿಲೋಮೀಟರುಗಳನ್ನು ಆಕೆ ಅದಕ್ಕೂ ಹಿಂದಿನ ಯಾವ ಐದಕ್ಕಿಂತಲೂ ಬೇಗನೆ ಓಡಿ, ೨ ಗಂಟೆ ೩೪ ನಿಮಿಷಕ್ಕೆ ಗೆರೆ ಮುಟ್ಟಿದಳು. ಕೊರಳಿಗೆ ಪದಕ ಬಿದ್ದಿತು. ಬಾಳೆಹಣ್ಣು ಕೊಟ್ಟರು, ಸುಲಿಯದೆ ಹಿಡಿದುಕೊಂಡು ಬೇಲಿಯ ಬಳಿ ನಿಂತಳು. ೧೩ ನಿಮಿಷಗಳ ಬಳಿಕ ಗೃಹಸ್ಥರು ಕುಂಟುತ್ತ ಬಂದರು. ಕಡೆಯ ನೂರು ಮೀಟರು ಮಾತ್ರ ಓಡಿದರು, ಸಭಾಮರ್ಯಾದೆ ಎಂಬದೊಂದುಂಟಷ್ಟೆ. ರಾತ್ರಿ ರೈಲಿನಲ್ಲಿ ಅವರು ಒಂದು ಲೆಕ್ಕವನ್ನು ಹೇಳಿ ನಕ್ಕರು. ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ, ೪೨ ಕಿಲೋಮೀಟರು ೭೫೦ ಮೀಟರಿನ ದಾರಿಯನ್ನು ೨ ಗಂಟೆ ೫೦ ನಿಮಿಷದಲ್ಲಿ ಮುಗಿಸಿ ೧೯ನೆಯವರಾಗಿದ್ದರು. ತಾವು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಅದರ ಅರ್ಧವನ್ನು ಮುಗಿಸಿದ್ದರು.

ಮನೆಗೆ ಬಂದ ದಿನ ಇಬ್ಬರೂ ಮೆಟ್ಟಿಲುಗಳನ್ನು ಹಿಂದುಮುಂದಾಗಿ ಇಳಿದರು. ಅತ್ತೆಯವರು ಪದಕಗಳನ್ನು ಉಗುರಿನಿಂದ ಕೆರೆದು, ಚಿನ್ನವಲ್ಲವೆಂದು ಖಾತ್ರಿ ಮಾಡಿಕೊಂಡು, ದೇವರ ಗೂಡಿನಲ್ಲಿ ಇಟ್ಟರು. ನಾಲ್ಕನೆಯ ದಿನ ನಸುಕಿನಲ್ಲಿ ಗೃಹಸ್ಥರು ಕಾಲು ಇನ್ನೂ ನೋಯುತ್ತದೆಂದು ಮಗ್ಗುಲು ಬದಲಿಸಿದರು. ಗೃಹಿಣಿ ಬೂಟು ಕಟ್ಟಿದಳು. ಅಗಳಿಯ ಸಪ್ಪಳಕ್ಕೆ ಅತ್ತೆಯವರಿಗೆ ಎಚ್ಚರವಾಯಿತು; "ಬರೂಮುಂದ ಕೊತ್ತಂಬರಿ ತಗೊಂಡು ಬಾ" ಎಂದರು.