ಅತ್ತೆ ಕಣ್ಣಿನ ಸ್ಕ್ಯಾನು

ಹೋದ ವರ್ಷ ಗೌರಿ ಹಬ್ಬದ ಬೆಳಗ್ಗೆ ಅಂಗಳದಲ್ಲಿ ನಾನಿಟ್ಟ ಚುಕ್ಕಿ ಸಾಲು ನೋಡಿ ಅತ್ತೆ "ಸೊಟ್ಟಗಿಟ್ಟಿದೀಯಲ್ಲೇ" ಅಂದ್ರು. ಹಬ್ಬದ ದಿನ ಯಾಕೆ ಮಾತು ಅಂತ ಅಳಿಸಿ ಮತ್ತೆ ಇಟ್ಟೆ. ಅದೂ ಸೊಟ್ಟವಂತೆ. ಮಧ್ಯಾಹ್ನ ಬಾಗಿಲ ಚೌಕಟ್ಟೂ ನಡುವೆ ಬಾಗೈತೆ ಅಂದಾಗ ನಂಗೆ ದಿಗಿಲಾಯ್ತು.

ಅತ್ತೆಗೆ 74. ಪೊರೆ ಇರ್ಬೇಕು, ತೆಗೆಸಿದ್ರಾಯ್ತು ಅಂದ್ಕೊಂಡು ಹಾಸನಕ್ಕೆ ಕರ್ಕೊಂಡ್ಹೋದ್ವಿ. ಪೊರೆ ಅಲ್ಲ. ಕಣ್ಣಿನ ಹಿಂದಿನ ಪರದೆ ಐತಲ್ಲ, ರೆಟಿನಾ, ಅದರ ನಟ್ಟನಡುವಿನ ಮ್ಯಾಕುಲಾ ಅನ್ನೋ ಜಾಗ ವಯಸ್ಸಿಗೆ ಕೆಟ್ಟಿದೆ ಅಂದ್ರು ಡಾಕ್ಟ್ರು. ಓದೋದು, ಸೂಜಿಗೆ ದಾರ ಪೋಣಿಸೋದು, ಬಂದೋರ ಮುಖ ಗುರುತು ಹಿಡಿಯೋದು ಎಲ್ಲಾ ಆ ಜಾಗದ ಕೆಲಸ. ಈ ಕಾಯಿಲೇಲಿ ಒಣ ಥರದ್ದು, ಒದ್ದೆ ಥರದ್ದು ಅಂತ ಎರಡು. ಅತ್ತೆ ಬಲಗಣ್ಣಿಗೆ ಒಣದ್ದು. ಎಡಗಣ್ಣಿಗೆ ಒದ್ದೆ: ಪರದೆ ಅಡೀಲಿ ಬೇಡದ ರಕ್ತನಾಳ ಹುಟ್ಕೊಂಡು ನೀರು ಸೋರ್ತಾ ಇತ್ತು.

ಅದನ್ನ ತೋರ್ಸಿದ್ದು ಓಸಿಟಿ ಅನ್ನೋ ಸ್ಕ್ಯಾನು. ಗಲ್ಲ ಇಟ್ಟು ಒಂದು ದೀಪದ ಚುಕ್ಕಿ ನೋಡ್ತಾ ಕೂತ್ರೆ ಸಾಕು. ಕಣ್ಣು ಮುಟ್ಟಾದಿಲ್ಲ, ಎಕ್ಸ್‌ರೇನೂ ಅಲ್ಲ, ಬರೀ ಬೆಳಕು. ಪರದೇನ ಅಡ್ಡ ಕೊಯ್ದಂಗೆ ಪದರ ಪದರವಾಗಿ ಚಿತ್ರ ಬರ್ತದೆ, ಚಿರೋಟಿ ಮುರಿದಾಗ ಕಾಣೋ ಹಂಗೆ. ಚೆನ್ನಾಗಿರೋ ಕಣ್ಣಲ್ಲಿ ನಡುವೆ ಸಣ್ಣ ತಗ್ಗು ಇರ್ತದೆ. ಅತ್ತೆ ಎಡಗಣ್ಣಲ್ಲಿ ತಗ್ಗೇ ಇಲ್ಲ, ಕಾವಲಿ ಮೇಲಿನ ಅಕ್ಕಿರೊಟ್ಟಿ ಉಬ್ಬಿದಂಗೆ ಎದ್ದಿತ್ತು, ಅಡೀಲಿ ಕಪ್ಪಗೆ. ಆ ಕಪ್ಪೇ ನೀರು. ದಪ್ಪ 418 ಮೈಕ್ರಾನ್ ಅಂತ ಬರ್ದಿತ್ತು. ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್, ಅಷ್ಟು ಸಣ್ಣ ಲೆಕ್ಕ.

ಕಣ್ಣೊಳಗೇ ಇಂಜೆಕ್ಷನ್ ಅಂದ ಕೂಡ್ಲೆ ಅತ್ತೆ ಎದ್ದು ನಿಂತ್ರು. ಮರಗಟ್ಟೋ ಡ್ರಾಪ್ಸ್ ಹಾಕಿ ಕೊಡ್ತಾರೆ. "ಕೊಟ್ಟಿದ್ದೇ ಗೊತ್ತಾಗ್ಲಿಲ್ಲ ಕಣ್ರೇ" ಅಂತ ಆಮೇಲೆ ಅಕ್ಕಪಕ್ಕದೋರ್ಗೆಲ್ಲ ಅವರೇ ಹೇಳ್ಕೊಂಡು ಬಂದ್ರು. ತಿಂಗಳಿಗೊಂದರಂಗೆ ಮೂರಾಯ್ತು. ಸ್ಕ್ಯಾನ್ ಮಾಡಿದ್ರೆ ರೊಟ್ಟಿ ಇಳಿದಿತ್ತು, 290. ಬಾಗಿಲೂ ನೆಟ್ಟಗಾಯ್ತು.

ಆರು ವಾರಕ್ಕೆ ಬನ್ನಿ ಅಂದಿದ್ರು. ಅಷ್ಟೊತ್ಗೆ ಕಾಫಿ ಕೊಯ್ಲು. ಆಳು ಸಿಗೋದೇ ಕಷ್ಟ, ಕಣದಲ್ಲಿ ಹಣ್ಣು ಹರವೈತೆ, ಮೇಲೆ ಆಲೂರು ಕಡೆಯಿಂದ ಆನೆ ಹಿಂಡು ಬಂದು ಬೆಳಗಿನ ಬಸ್ಸಿಗೆ ನಡ್ಕೊಂಡು ಹೋಗೋ ಹಂಗಿಲ್ಲ. "ಚೆನ್ನಾಗೇ ಕಾಣ್ತದಲ್ಲ, ಸುಮ್ನೆ ದುಡ್ಡು ದಂಡ" ಅಂದ್ರು ಅತ್ತೆ. ನಾನೂ ಹೂಂ ಅಂದೆ. ನಿಜ ಹೇಳ್ತೀನಿ, ನಂಗೂ ಅದೇ ಬೇಕಿತ್ತು.

ಹೋದಾಗ ಹನ್ನೊಂದು ವಾರ ಆಗಿತ್ತು. ಸ್ಕ್ಯಾನಲ್ಲಿ 395. ಅತ್ತೆ ಮಾತ್ರ "ಏನೂ ಆಗಿಲ್ಲ" ಅಂತಾನೇ ಇದ್ರು. ಬಲಗಣ್ಣು ಮುಚ್ಚಿ ಓದಿ ಅಂದ್ರು ಡಾಕ್ಟ್ರು. ಆಗ ಸುಮ್ಮನಾದ್ರು. ಅಷ್ಟು ದಿನ ಬಲಗಣ್ಣೇ ಎರಡರ ಕೆಲಸಾನೂ ಮಾಡ್ತಿತ್ತು. ಮತ್ತೆ ಇಂಜೆಕ್ಷನ್ ಶುರುವಾಗಿ ನೀರು ಇಳೀತು, ಆದ್ರೆ ಬೋರ್ಡಲ್ಲಿ ಮೊದ್ಲು ಓದ್ತಿದ್ದ ಎರಡು ಸಾಲು ವಾಪಸ್ ಬರ್ಲಿಲ್ಲ. ಅಲ್ಲಿ ಗಾಯದ ಕಲೆ ಕಟ್ಟಿದೆ, ಕಲೆಗೆ ಇಂಜೆಕ್ಷನ್ ಏನೂ ಮಾಡಲ್ಲವಂತೆ.

ಅತ್ತೆ ನನ್ನ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಮನೇಲಿ ನೋಡ್ಕೊಳ್ಳೋಕೆ ಚೌಕುಳಿ ಗೆರೆ ಇರೋ ಒಂದು ಕಾಗದ ಕೊಟ್ಟಿದಾರೆ, ಫ್ರಿಡ್ಜ್ ಮೇಲೆ ಅಂಟಿಸಿದೀನಿ. ಅತ್ತೆಗೆ ಅದಕ್ಕಿಂತ ಚುಕ್ಕೀನೇ ನಂಬಿಕೆ. ದಿನಾ ರಂಗೋಲಿ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡ್ತಾರೆ. ಸೊಟ್ಟ ಕಂಡ್ರೆ ತಾರೀಖು ಕಾಯದೆ ಹೋಗ್ಬೇಕು. ನೆಟ್ಟಗೆ ಕಂಡ್ರೂ ಸ್ಕ್ಯಾನ್ ತಪ್ಪಿಸೋ ಹಂಗಿಲ್ಲ, ಎಷ್ಟೋ ಸಲ ನೀರು ಅಲ್ಲೇ ಮೊದ್ಲು ಕಾಣೋದು. ಹಳೇ ಸ್ಕ್ಯಾನ್ ಫೈಲು ಮರೀದೆ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡ್ತಾರೆ. ಕಣ್ಣಿಗೆ ಡ್ರಾಪ್ಸ್ ಹಾಕಿದ ದಿನ ಬಿಸಿಲು ಚುಚ್ಚುತ್ತೆ, ಛತ್ರಿ ಇರ್ಲಿ.

ಮುಂದಿನ ತಾರೀಖು ಡಿಸೆಂಬರ್ 14, ಮತ್ತೆ ಕೊಯ್ಲಿನ ನಡುವೆ. ಅವತ್ತು ಬರಬೇಡಿ ಅಂತ ಆಳುಗಳಿಗೆ ಈಗ್ಲೇ ಹೇಳಿದೀನಿ. ಆನೆ ಸುದ್ದಿ ಬಂದ್ರೆ ಹಿಂದಿನ ದಿನಾನೇ ಹೊರಟು ಹಾಸನದಲ್ಲಿ ನಾದಿನಿ ಮನೇಲಿ ಉಳ್ಕೊಳ್ಳಾದು.